ಹದಿನೈದು ದಾಟಿದ ಬೈಕ್‌ಗೆ ಎಫ್‌ಸಿ: ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸುವ ಮುಂಚೆ

2025ರಲ್ಲಿ ಅಪ್ಪನ ಸ್ಪ್ಲೆಂಡರ್ ಬೈಕ್‌ಗೆ ಹದಿನೈದು ವರ್ಷ ತುಂಬಿತು. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕಾಯಿತು. ಎರಡು ಭಾನುವಾರ ಅಂಗಳದಲ್ಲಿ ಕೂತು ಬ್ರೇಕ್ ಶೂ ಹಾಕಿದೆ, ಚೈನ್ ಬಿಗಿದೆ, ಟ್ಯಾಂಕ್‌ಗೆ ಪಾಲಿಶ್ ಹೊಡೆದೆ. ಗಾಡಿ ಮದುಮಗನ ಹಾಗೆ ಹೊರಟಿತು. ಆರ್‌ಟಿಒ ಮೈದಾನದಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್, ಅಂದರೆ ಗಾಡಿ ತಪಾಸಣೆ ಮಾಡುವ ಅಧಿಕಾರಿ, ಬ್ರೇಕನ್ನು ಮುಟ್ಟಲೇ ಇಲ್ಲ. "ಚಾಸಿಸ್ ನಂಬರ್ ಎಲ್ಲಿ ತೋರಿಸಿ" ಅಂದರು. ಹ್ಯಾಂಡಲ್ ಕೆಳಗೆ ಅಂಕಿಗಳಿರಬೇಕಾದ ಜಾಗದಲ್ಲಿ ಹದಿನೈದು ವರ್ಷದ ಗ್ರೀಸು, ಧೂಳು, ಯಾವಾಗಲೋ ಬಳಿಸಿದ ಕರಿ ಬಣ್ಣ. ಉಗುರಲ್ಲಿ ಕೆರೆದೆ, ಕೀಲಿ ಕೈಯಲ್ಲಿ ಕೆರೆದೆ. ಅರ್ಧ ಕಂಡಿತು, ಅರ್ಧ ಕಾಣಲಿಲ್ಲ. "ಕ್ಲೀನ್ ಮಾಡ್ಕೊಂಡು ಬನ್ನಿ" ಅಂತ ಕಳಿಸಿದರು. ಅವರ ತಪ್ಪೇನೂ ಇರಲಿಲ್ಲ. ಹಾಕಿದ ರಜೆ ಮಾತ್ರ ದಂಡ.

ಹಾಗಾಗಿ ಇಲ್ಲಿ ನಾನು ಹೇಳುವ ಕ್ರಮ ಗ್ಯಾರೇಜಿನವರು ಹೇಳುವ ಕ್ರಮ ಅಲ್ಲ. ಮೊದಲು ಗಾಡಿಯ ಗುರುತು, ಆಮೇಲೆ ಕಾಗದ, ಸ್ಪ್ಯಾನರ್ ಕೊನೆಗೆ. ಬ್ರೇಕ್ ಸರಿಯಿಲ್ಲದಿದ್ದರೆ ಒಂದು ಗಂಟೆಯಲ್ಲಿ ಸರಿಹೋಗುತ್ತದೆ. ಆರ್‌ಸಿಯಲ್ಲಿರುವ ನಂಬರಿಗೂ ಎಂಜಿನ್ ಮೇಲಿರುವ ನಂಬರಿಗೂ ತಾಳೆಯಾಗದಿದ್ದರೆ ತಿಂಗಳುಗಟ್ಟಲೆ ಅಲೆಯಬೇಕು.

ಇದು ಯಾವ ಪರೀಕ್ಷೆ, ಯಾವಾಗ?

ಬಾಯಿಮಾತಿನಲ್ಲಿ ನಾವೆಲ್ಲ "ಎಫ್‌ಸಿ ಮಾಡಿಸೋದು" ಅನ್ನುತ್ತೇವೆ. ಕಾಗದದಲ್ಲಿ ಇದರ ಹೆಸರು ನೋಂದಣಿ ನವೀಕರಣ, ಅಂದರೆ ಆರ್‌ಸಿ ರಿನೀವಲ್. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಂ ಪ್ರಕಾರ ಸ್ವಂತ ಬಳಕೆಯ ಬೈಕ್‌ನ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಒಂದೊಂದು ಸಲಕ್ಕೆ 5 ವರ್ಷ ವಿಸ್ತರಿಸುತ್ತಾರೆ, ಪ್ರತಿ ಸಲವೂ ಗಾಡಿಯನ್ನು ನೋಡಿಯೇ. ಹಳದಿ ಬೋರ್ಡ್ ಗಾಡಿಗಳ ಹಾಗೆ ಪದೇ ಪದೇ ಹೋಗಬೇಕಿಲ್ಲ. ಹಳೆಯ ಗಾಡಿಗಳಿಗೆ 6 ತಿಂಗಳಿಗೊಮ್ಮೆ ಬರುವುದು ಎಮಿಷನ್ ಟೆಸ್ಟ್ ಮಾತ್ರ. ಬಿಎಸ್-4 (ಹೊಗೆಗೆ ಸರ್ಕಾರ ಇಟ್ಟ ಮಾನದಂಡ) ಮತ್ತು ಅದರ ನಂತರದ ಗಾಡಿಗಳಿಗೆ ಅದೂ ವರ್ಷಕ್ಕೊಮ್ಮೆ.

"ಹದಿನೈದು ಆದ ಮೇಲೆ ಗುಜರಿಗೇ ಹಾಕಬೇಕಂತೆ" ಅಂತ ನಮ್ಮ ಬೀದಿಯಲ್ಲೇ ಇಬ್ಬರು ನನಗೆ ಹೇಳಿದರು. ಆ ಸುದ್ದಿ ಬಂದಿದ್ದು ದಿಲ್ಲಿ ಕಡೆಯಿಂದ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿಷೇಧದ ಮಾತು ಇರುವುದು ದಿಲ್ಲಿ ಮತ್ತು ಸುತ್ತಲಿನ ಪ್ರದೇಶಕ್ಕೆ. ಕರ್ನಾಟಕದಲ್ಲಿ ಗಾಡಿ ಗಟ್ಟಿಯಾಗಿದ್ದರೆ, ಕಾಗದ ಸರಿಯಿದ್ದರೆ ಇಪ್ಪತ್ತಾಗಲಿ, ಮೂವತ್ತಾಗಲಿ, ಓಡಿಸಬಹುದು. ಯೆಜ್ದಿಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುವುದು ನಿಂತದ್ದು 1996ರಲ್ಲಿ. ಈಗಲೂ ಭಾನುವಾರ ಬೆಳಗ್ಗೆ ರಸ್ತೆಯಲ್ಲಿ ಅವುಗಳ ಸದ್ದು ಕೇಳುತ್ತದೆ, ಅಲ್ವಾ?

ಅವಧಿ ಮುಗಿಯುವುದಕ್ಕೆ 60 ದಿನ ಇರುವಾಗಿನಿಂದ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ಆ 60 ದಿನವನ್ನು ಪೂರ್ತಿ ಬಳಸಿಕೊಳ್ಳಿ. ತಡವಾದರೆ ಬೈಕ್‌ಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಶುಲ್ಕ ಏರುತ್ತಾ ಹೋಗುತ್ತದೆ. ನವೀಕರಣದ ಶುಲ್ಕ 2022ರ ಏಪ್ರಿಲ್ 1ರಿಂದ 300 ರೂಪಾಯಿಯಿಂದ 1000ಕ್ಕೆ ಏರಿತು. 20 ವರ್ಷ ದಾಟಿದ ಬೈಕ್‌ಗಳಿಗೆ 2025ರ ಆಗಸ್ಟ್‌ನಲ್ಲಿ 2000 ಮಾಡಿದರು. ಇದರ ಜೊತೆಗೆ ಹಸಿರು ತೆರಿಗೆ, ಕಾರ್ಡ್ ಶುಲ್ಕ ಸೇರುತ್ತವೆ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಗಾಡಿ ನಂಬರ್ ಹಾಕಿದಾಗ ಬರುವ ಮೊತ್ತವೇ ಲೆಕ್ಕ.

ಮೊದಲ ಕೆಲಸ: ಎರಡು ನಂಬರ್

ಚಾಸಿಸ್ ನಂಬರ್ ಬಹುತೇಕ ಬೈಕ್‌ಗಳಲ್ಲಿ ಹ್ಯಾಂಡಲ್ ಕೂರುವ ದಪ್ಪ ಕೊಳವೆಯ ಪಕ್ಕದಲ್ಲಿರುತ್ತದೆ. ಹ್ಯಾಂಡಲ್ ಅನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಟಾರ್ಚ್ ಬಿಟ್ಟು ನೋಡಿ. ವೈರುಗಳು ಅಡ್ಡ ಇರುತ್ತವೆ, ಸರಿಸಿ. ಎಂಜಿನ್ ನಂಬರ್ ಎಂಜಿನ್ನಿನ ಕೆಳಭಾಗದ ಅಲ್ಯೂಮಿನಿಯಂ ಗೋಡೆಯ ಮೇಲೆ ಇರುತ್ತದೆ. ಅಲ್ಲಿ ಚೈನ್ ಎಣ್ಣೆ ಮತ್ತು ಮಣ್ಣು ಸೇರಿ ಹೆಂಟೆ ಕಟ್ಟಿರುತ್ತದೆ.

ಸೀಮೆಎಣ್ಣೆ ಸಿಕ್ಕರೆ ಸೀಮೆಎಣ್ಣೆ, ಇಲ್ಲವೇ ಡೀಸೆಲ್. ಒಂದು ಹಳೆಯ ಹಲ್ಲುಜ್ಜುವ ಬ್ರಷ್. ಬಟ್ಟೆ ಒದ್ದೆ ಮಾಡಿ ಹತ್ತು ನಿಮಿಷ ಅಂಟಿಸಿಟ್ಟು, ಆಮೇಲೆ ಉಜ್ಜಿ. ಬಣ್ಣ ಮೆತ್ತಿದ್ದರೆ ಸ್ವಲ್ಪ ಥಿನ್ನರ್. ಸ್ಯಾಂಡ್ ಪೇಪರ್, ಗ್ರೈಂಡರ್, ತಂತಿ ಬ್ರಷ್ ಇವುಗಳ ತಂಟೆಗೆ ಹೋಗಬೇಡಿ. ಅಂಕಿ ಸವೆದರೆ "ಯಾರೋ ತಿದ್ದಿದ್ದಾರೆ" ಅನ್ನುವ ಅನುಮಾನ ಬರುತ್ತದೆ. ಆ ಅನುಮಾನ ಕಳೆಯುವುದು ಕೊಳೆ ಕಳೆದಷ್ಟು ಸುಲಭವಲ್ಲ. ಶುದ್ಧವಾದ ಮೇಲೆ ತುಕ್ಕು ಹಿಡಿಯದ ಹಾಗೆ ತೆಳ್ಳಗೆ ಎಣ್ಣೆ ಸವರಿ ಬಿಡಿ.

ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕಾಗುತ್ತದೆ. ಎಣ್ಣೆ ಸವರುವ ಮುಂಚೆಯೇ ಅದನ್ನು ತೆಗೆದುಕೊಳ್ಳಿ. ಅಂಕಿಗಳ ಮೇಲೆ ಪೆನ್ಸಿಲ್ ಅಡ್ಡಡ್ಡ ಉಜ್ಜಿ, ಸೆಲ್ಲೋ ಟೇಪ್ ಒತ್ತಿ ಎತ್ತಿದರೆ ನಂಬರ್ ಟೇಪಿಗೆ ಬರುತ್ತದೆ. ಬಿಳಿ ಹಾಳೆಗೆ ಅಂಟಿಸಿ. ಒಂದಲ್ಲ, ಮೂರು ತೆಗೆದಿಡಿ.

ಈಗ ಆರ್‌ಸಿ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಸೊನ್ನೆ ಮತ್ತು ಓ, ಐದು ಮತ್ತು ಎಸ್ ಅದಲುಬದಲಾಗಿರುವುದು ಹೊಸದೇನಲ್ಲ. ಇನ್ನೊಂದು ದೊಡ್ಡ ಗುಂಡಿ ಎಂಜಿನ್ ಬದಲಾವಣೆ. ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಪಿಕಪ್ ಆಸೆಗೆ 135ರ ಎಂಜಿನ್ ಕೂರಿಸಿರುತ್ತಾರೆ, ಆರ್‌ಸಿಯಲ್ಲಿ ಮಾತ್ರ ಹಳೆಯ ನಂಬರೇ ಇರುತ್ತದೆ. ಎರಡನೇ ಕೈ, ಮೂರನೇ ಕೈ ಗಾಡಿ ಕೊಂಡಿದ್ದರೆ ನಿಮಗೇ ಗೊತ್ತಿಲ್ಲದೆ ಇದು ಆಗಿರಬಹುದು. ಬಣ್ಣವೂ ಹಾಗೇ. ಆರ್‌ಸಿಯಲ್ಲಿ ಕಪ್ಪು ಅಂತಿದ್ದು ಗಾಡಿ ಕೆಂಪಗಿದ್ದರೆ ಕೇಳಿಯೇ ಕೇಳುತ್ತಾರೆ. ಎಫ್‌ಸಿ ಹತ್ತಿರ ಬಂತು ಅಂತ ಹೊಸ ಬಣ್ಣ ಹೊಡೆಸುವ ಹುಮ್ಮಸ್ಸಿದ್ದರೆ ತಡೆಯಿರಿ, ಇಲ್ಲವೇ ಆರ್‌ಸಿಯಲ್ಲಿರುವ ಬಣ್ಣವನ್ನೇ ಹೊಡೆಸಿ.

ಕಾಗದಗಳು

ಇನ್ಶೂರೆನ್ಸ್ ಚಾಲ್ತಿಯಲ್ಲಿರಬೇಕು. ಥರ್ಡ್ ಪಾರ್ಟಿ ಸಾಕು. ಎಮಿಷನ್ ಸರ್ಟಿಫಿಕೇಟ್, ಮೂಲ ಆರ್‌ಸಿ, ವಿಳಾಸದ ದಾಖಲೆ, ಪ್ಯಾನ್. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಜನ ಸಿಕ್ಕಿಬೀಳುವುದು ಬೇರೆ ಕಡೆ.

ಹದಿನೈದು ವರ್ಷದ ಹಿಂದೆ ಸಾಲದಲ್ಲಿ ಕೊಂಡಿದ್ದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಕೂತಿರಬಹುದು. ಕಂತು ಮುಗಿದ ತಕ್ಷಣ ಅದು ತಾನಾಗಿ ಹೋಗುವುದಿಲ್ಲ. ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ (ಎನ್‌ಒಸಿ) ಮತ್ತು ಫಾರಂ 35 ಕೊಟ್ಟು ತೆಗೆಸಬೇಕು. ಸಾಲ ಕೊಟ್ಟ ಕಂಪನಿ ಮುಚ್ಚಿದೆಯೋ, ಇನ್ನೊಂದರಲ್ಲಿ ವಿಲೀನವಾಗಿದೆಯೋ ಹುಡುಕುವುದಕ್ಕೇ ಸಮಯ ಬೇಕು. ಕಾಗದದ ಕೆಲಸದಲ್ಲಿ ಇದನ್ನೇ ಮೊದಲು ಶುರುಮಾಡಿ.

ಗಾಡಿ ತೀರಿಕೊಂಡ ತಂದೆಯ ಅಥವಾ ಗಂಡನ ಹೆಸರಲ್ಲಿದ್ದರೆ ನವೀಕರಣಕ್ಕೆ ಮುಂಚೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಎಷ್ಟೋ ಮನೆಯಲ್ಲಿ ಇದನ್ನು ಹಾಗೇ ಬಿಟ್ಟಿರುತ್ತಾರೆ. ನಿಲ್ಲಿಸಿದ ಗಾಡಿಯನ್ನು ಮಾರುವ ಮನಸ್ಸಾಗುವುದಿಲ್ಲ, ಹೆಸರು ಬದಲಿಸುವ ಮನಸ್ಸೂ ಆಗುವುದಿಲ್ಲ. ಅರ್ಥವಾಗುತ್ತದೆ. ಆದರೂ ಮಾಡಿಸಿ.

ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆರ್‌ಸಿಯಲ್ಲಿ ಮುಂದೆ. ಇದು ನಮ್ಮ ಕಡೆಯ ಶಾಶ್ವತ ಕಾಯಿಲೆ. ಆನ್‌ಲೈನ್ ಅರ್ಜಿ ಇಂಥದ್ದಕ್ಕೇ ತಡೆಹಿಡಿಯುತ್ತದೆ. ಹಾಗೇ, ಒಟಿಪಿ ಹೋಗುವ ಮೊಬೈಲ್ ನಂಬರ್ ಈಗ ನಿಮ್ಮ ಕೈಯಲ್ಲಿರುವುದೇನಾ ಅಂತ ನೋಡಿಕೊಳ್ಳಿ. ತೊಂಬತ್ತರ ದಶಕದ ಗಾಡಿ, ಕೈಬರಹದ ಆರ್‌ಸಿ ಪುಸ್ತಕ ಆಗಿದ್ದರೆ ವಿವರ ಕಂಪ್ಯೂಟರಿನಲ್ಲಿ ಇಲ್ಲದೆಯೂ ಇರಬಹುದು. ಆಗ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಬಾಕಿ ಇರುವ ಟ್ರಾಫಿಕ್ ದಂಡಗಳನ್ನೂ ಕಟ್ಟಿಬಿಡಿ.

2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ಗಾಡಿಗೂ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು, ಹಿಂದೆ ಮುಂದೆ ಎರಡೂ. ಬುಕ್ ಮಾಡಿದ ದಿನವೇ ಸಿಗುವುದಿಲ್ಲ. ಹಾಕಿಸುವಾಗ ಮುಂದಿನ ಪ್ಲೇಟಿಗೆ ಸರಿಯಾದ ಜಾಗ ಇದೆಯಾ ನೋಡಿ. ಹಳೆಯ ಗಾಡಿಗಳಲ್ಲಿ ಮಡ್‌ಗಾರ್ಡ್ ಮೇಲಿನ ಕ್ಲಾಂಪ್ ತುಕ್ಕು ತಿಂದಿರುತ್ತದೆ.

ಬ್ರೇಕ್

ಈಗ ಕೈ ಕೊಳೆ ಮಾಡಿಕೊಳ್ಳುವ ಸಮಯ. ಡ್ರಮ್ ಬ್ರೇಕ್ ಇರುವ ಸ್ಪ್ಲೆಂಡರ್‌ನಂಥ ಗಾಡಿಗಳಲ್ಲಿ ಚಕ್ರದ ಮಧ್ಯದ ಬ್ರೇಕ್ ಪ್ಲೇಟ್ ಮೇಲೆ ಒಂದು ಸಣ್ಣ ಬಾಣ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿದಾಗ ಆ ಬಾಣ ಪ್ಲೇಟಿನ ಮೇಲಿನ ಗುರುತನ್ನು ಮುಟ್ಟಿದರೆ ಶೂ ಮುಗಿದಿದೆ ಅಂತ ಅರ್ಥ. ನಟ್ ಬಿಗಿದು ತಳ್ಳುವ ಕಾಲ ಮುಗಿಯಿತು.

ಶೂ ಇನ್ನೂ ಇದ್ದರೂ ಒಮ್ಮೆ ಚಕ್ರ ಬಿಚ್ಚಿ ನೋಡಿ. ವರ್ಷಗಟ್ಟಲೆ ಬಿಚ್ಚದ ಡ್ರಮ್ಮಿನಲ್ಲಿ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಬಾಯಲ್ಲಿ ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಶೂ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅದನ್ನೂ ಒದ್ದೆ ಮಾಡಿಕೊಂಡೇ, ಸ್ಯಾಂಡ್ ಪೇಪರಿನಲ್ಲಿ ಹದವಾಗಿ ಉಜ್ಜಿ. ಶೂ ಅಗಲಿಸುವ ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ಸಾಕು. ಜಾಸ್ತಿಯಾದರೆ ಕರಗಿ ಲೈನರ್‌ಗೆ ಇಳಿದು, ಇದ್ದ ಬ್ರೇಕೂ ಹೋಗುತ್ತದೆ.

ಬ್ರೇಕ್ ಗಟ್ಟಿಯಾಗಿದೆ ಅನ್ನಿಸಿದರೆ ಎಷ್ಟೋ ಸಲ ತಪ್ಪು ಕೇಬಲ್ಲಿನದ್ದು. ಮೇಲಿನ ತುದಿ ಬಿಚ್ಚಿ, ಕಾಗದದ ಆಲಿಕೆ ಕಟ್ಟಿ, ಎರಡು ಚಮಚ ಎಂಜಿನ್ ಆಯಿಲ್ ಸುರಿದು ರಾತ್ರಿಯಿಡೀ ನೇತುಹಾಕಿ. ಬೆಳಗ್ಗೆ ಕೆಳಗಿನ ತುದಿಯಿಂದ ಕಪ್ಪು ಎಣ್ಣೆ ತೊಟ್ಟಿಕ್ಕಿರುತ್ತದೆ. ಒಂದೇ ಒಂದು ಎಳೆ ಬಿಟ್ಟಿದ್ದರೂ ಕೇಬಲ್ ಬದಲಿಸಿ.

ಎಲ್ಲ ಜೋಡಿಸಿದ ಮೇಲೆ ಪೆಡಲ್‌ನಲ್ಲಿ ಸುಮಾರು 20ರಿಂದ 30 ಮಿ.ಮೀ. ಸಡಿಲ ಇರಲಿ, ಲಿವರ್‌ನಲ್ಲೂ ಸ್ವಲ್ಪ ಇರಲಿ. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಸುಮ್ನೆ ತಿರುಗಬೇಕು. ಬ್ರೇಕ್ ತಾಗುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ. ಇದೇ ಹೊತ್ತಿಗೆ ಚೈನ್ ಕೂಡ ನೋಡಿ. ಮಧ್ಯದಲ್ಲಿ ಮೇಲೆ ಕೆಳಗೆ ಸುಮಾರು ಒಂದು ಇಂಚು ಆಡಿದರೆ ಸರಿ.

ಟೈರ್ ಮತ್ತು ಹ್ಯಾಂಡಲ್

ಟೈರ್ ವಿಷಯದಲ್ಲಿ ಲೆಕ್ಕ ಸರಳ. ದ್ವಿಚಕ್ರ ವಾಹನಗಳಿಗೆ ಟೈರಿನ ಮೇಲಿನ ಗೀರುಗಳ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು ಅನ್ನುತ್ತದೆ ನಿಯಮ. ಟೈರಿನ ಪಕ್ಕದಲ್ಲಿ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಅಕ್ಷರ ಹುಡುಕಿ. ಅದರ ನೇರಕ್ಕೆ ಗೀರಿನೊಳಗೆ ಒಂದು ಪುಟ್ಟ ಉಬ್ಬು ಇರುತ್ತದೆ. ಟೈರ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಹೊಸದು ಹಾಕಿಸಿ. ಹೆಚ್ಚು ಓಡಿಸದ ಗಾಡಿಯಲ್ಲಿ ಗೀರು ಚೆನ್ನಾಗಿದ್ದು ರಬ್ಬರೇ ಬಿರುಕು ಬಿಟ್ಟಿರುತ್ತದೆ. ಪಕ್ಕದ ನಾಲ್ಕು ಅಂಕಿ ಓದಿ. 2314 ಅಂತಿದ್ದರೆ 2014ರ 23ನೇ ವಾರದ್ದು. ಅಂಥ ಟೈರಿಗೆ ಇನ್ಸ್‌ಪೆಕ್ಟರ್ ಏನೂ ಹೇಳದಿದ್ದರೂ ನಾನು ಮಳೆಯಲ್ಲಿ ಅದನ್ನು ನಂಬುವುದಿಲ್ಲ.

ಹ್ಯಾಂಡಲ್ ಪರೀಕ್ಷೆಗೆ ಇನ್ನೊಬ್ಬರು ಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನಿಂದ ಯಾರಾದರೂ ಒತ್ತಿ ಮುಂದಿನ ಚಕ್ರ ಎತ್ತಲಿ. ನೀವು ಮುಂದೆ ಕೂತು ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಆಮೇಲೆ ಹ್ಯಾಂಡಲ್ ಅನ್ನು ನಿಧಾನ ತಿರುಗಿಸಿ. ಸರಿ ಮಧ್ಯದಲ್ಲಿ ಕಚ್ಚಿದ ಹಾಗಾದರೆ ಕೋನ್ ಸೆಟ್ಟಿನಲ್ಲಿ ಗುಳಿ ಬಿದ್ದಿದೆ, ಬಿಗಿದರೆ ಪ್ರಯೋಜನ ಇಲ್ಲ, ಬದಲಿಸಬೇಕು. ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಹೋಗಿದೆ.

ಲೈಟು, ಹಾರ್ನು

ಹೆಡ್‌ಲೈಟ್ ಎರಡೂ ಬೀಮ್, ಹಿಂದಿನ ಲೈಟ್, ಬ್ರೇಕ್ ಲೈಟ್, ನಾಲ್ಕು ಇಂಡಿಕೇಟರ್, ಹಾರ್ನ್. ಎಂಜಿನ್ ನಿಧಾನ ಓಡುವಾಗ ಹೆಡ್‌ಲೈಟ್ ಮಂಕಾಗಿ, ಎಕ್ಸಲರೇಟರ್ ಕೊಟ್ಟಾಗ ಬೆಳಗಿದರೆ ಹಳೆಯ ಸ್ಪ್ಲೆಂಡರ್‌ಗಳಲ್ಲಿ ಅದು ದೋಷ ಅಲ್ಲ. ಆ ದೀಪಕ್ಕೆ ಕರೆಂಟ್ ನೇರ ಮ್ಯಾಗ್ನೆಟ್ಟಿನಿಂದ ಬರುತ್ತದೆ. ಇಂಡಿಕೇಟರ್ ಮತ್ತು ಹಾರ್ನ್ ಬ್ಯಾಟರಿಯವು. ಅವೆರಡೂ ಒಟ್ಟಿಗೆ ಸೊರಗಿದ್ದರೆ ಬಲ್ಬ್ ಬದಲಿಸುತ್ತಾ ಕೂರಬೇಡಿ, ಬ್ಯಾಟರಿ ನೋಡಿ. 2017ರ ನಂತರದ ಬೈಕ್‌ಗಳ ಹಾಗೆ ಹಗಲೂ ಲೈಟ್ ಉರಿಯಬೇಕು ಅನ್ನುವ ನಿಯಮ ಹಳೆಯ ಗಾಡಿಗಿಲ್ಲ.

ಕಣ್ಣು ಕುಕ್ಕುವ ಎಲ್‌ಇಡಿ, ಹಾಡುವ ಹಾರ್ನ್, ಗುಡುಗುವ ಸೈಲೆನ್ಸರ್ ಇದ್ದರೆ ಬಿಚ್ಚಿ ಕಂಪನಿಯದ್ದನ್ನೇ ಹಾಕಿ. ಬಿಚ್ಚಿಟ್ಟವನ್ನು ಮರಳಿ ಹಾಕುವ ಸರದಿಯೂ ಇದೆ: ಎರಡು ಕನ್ನಡಿ, ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಕಾಲಿಡುವ ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಸೀರೆ ಗಾರ್ಡ್. ಸೀರೆ ಗಾರ್ಡ್ ಅಂದ ಕೆಡಿಸುತ್ತದೆ ಅಂತ ತೆಗೆದು ಅಟ್ಟಕ್ಕೆ ಹಾಕಿದವರು ಬಹಳ. ನಮ್ಮ ಮನೆಯದ್ದು ಕೋಳಿಗೂಡಿನ ಬಾಗಿಲಾಗಿತ್ತು.

ಹೊಗೆ

ಎಮಿಷನ್ ಟೆಸ್ಟಿಗೆ ತಣ್ಣನೆ ಎಂಜಿನ್ ಒಯ್ಯಬೇಡಿ. ಐದಾರು ಕಿಲೋಮೀಟರ್ ಓಡಿಸಿ, ಬಿಸಿಯಾಗಿದ್ದಾಗಲೇ ನಿಲ್ಲಿಸಿ. 2000ದ ಮಾರ್ಚ್ 31ರ ನಂತರ ತಯಾರಾದ, ಬಿಎಸ್-4ಕ್ಕಿಂತ ಹಿಂದಿನ ಫೋರ್ ಸ್ಟ್ರೋಕ್ ಬೈಕ್‌ಗೆ ಕಾರ್ಬನ್ ಮಾನಾಕ್ಸೈಡ್ 3.5 ಶೇಕಡ, ಹೈಡ್ರೋಕಾರ್ಬನ್ 4500 ಪಿಪಿಎಂ ಮಿತಿ. ಟೂ ಸ್ಟ್ರೋಕ್ ಆದರೆ ಹೈಡ್ರೋಕಾರ್ಬನ್ 6000. ಅದಕ್ಕಿಂತ ಹಳೆಯವಕ್ಕೆ ಇನ್ನೂ ಸಡಿಲ: 4.5 ಶೇಕಡ ಮತ್ತು 9000.

ಮೊದಲನೆಯ ಅಂಕಿ ಏರಿದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ. ಏರ್ ಫಿಲ್ಟರ್ ತೆಗೆದು ನೋಡಿ, ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ಕಥೆ ಅಲ್ಲೇ ಮುಗಿಯುತ್ತದೆ. ಆಮೇಲೆ ಕಾರ್ಬ್ಯುರೇಟರ್ ಸ್ಕ್ರೂ, ಅದನ್ನು ಗೊತ್ತಿರುವವರ ಕೈಗೇ ಬಿಡಿ. ಎರಡನೆಯದು ಏರಿದರೆ ಪೆಟ್ರೋಲ್ ಉರಿಯದೇ ಹೊರಬರುತ್ತಿದೆ. ಪ್ಲಗ್ ಬದಲಿಸುವುದು ಅಗ್ಗದ ಮದ್ದು. ಫೋರ್ ಸ್ಟ್ರೋಕಿನಲ್ಲಿ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಅದು ಭಾನುವಾರದ ಕೆಲಸವಲ್ಲ.

ಟೂ ಸ್ಟ್ರೋಕ್ ಗಾಡಿಗಳಲ್ಲಿ ಅರ್ಧ ಹೊಗೆ ಸೈಲೆನ್ಸರ್ ಒಳಗೆ ಕೂತ ಹಳೆಯ ಎಣ್ಣೆಯದ್ದು. ಸೈಲೆನ್ಸರ್ ತುದಿಯ ಬೋಲ್ಟ್ ಬಿಚ್ಚಿ ಒಳಗಿನ ಕೊಳವೆ (ಬ್ಯಾಫಲ್) ಎಳೆದು, ಅಂಟಿದ ಕರಿ ಕೆರೆದು ತೆಗೆಯಿರಿ. ಸೈಲೆನ್ಸರಿನಲ್ಲಿ ತೂತು ಇದ್ದರೆ ವೆಲ್ಡಿಂಗ್ ಮಾಡಿಸಿ. ಪೆಟ್ರೋಲ್ ಪೈಪನ್ನೂ ಬಗ್ಗಿಸಿ ನೋಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ಬೇಗ ಬಿರುಕು ಬಿಡುತ್ತದೆ. ಸಣ್ಣ ಖರ್ಚು, ಹೊಸದು ಹಾಕಿಬಿಡಿ.

ಹೋಗುವ ದಿನ

ಹಿಂದಿನ ಸಂಜೆ ನೀರಿನಲ್ಲಿ ತೊಳೆಯಿರಿ, ಬೆಳಗ್ಗೆ ಅಲ್ಲ. ಒದ್ದೆ ಡ್ರಮ್ಮಿನಲ್ಲಿ ಬ್ರೇಕ್ ಜಾರುತ್ತದೆ. ಒಂದು ಚೀಲದಲ್ಲಿ ಬಟ್ಟೆ, ಸ್ಕ್ರೂಡ್ರೈವರ್, 10 ಮತ್ತು 14ರ ಸ್ಪ್ಯಾನರ್, ಒಂದು ಇಂಡಿಕೇಟರ್ ಬಲ್ಬ್, ಪೆನ್ಸಿಲ್, ಸೆಲ್ಲೋ ಟೇಪ್ ಇಟ್ಟುಕೊಳ್ಳಿ. ಸಾಲಿನಲ್ಲಿ ನಿಂತಾಗಲೇ ಬಲ್ಬ್ ಕೈಕೊಡುವುದು. ಹೆಲ್ಮೆಟ್ ಹಾಕಿಕೊಂಡೇ ಹೋಗಿ. ಆರ್‌ಟಿಒ ಗೇಟಿನಲ್ಲೇ ಹೆಲ್ಮೆಟ್ ಇಲ್ಲದೆ ಬರುವವರನ್ನು ನಾನು ನೋಡಿದ್ದೇನೆ.

ಗೇಟಿನ ಹತ್ತಿರ "ಸಾರ್, ಎಫ್‌ಸಿನಾ?" ಅಂತ ಏಜೆಂಟರು ಬರುತ್ತಾರೆ. ಗುರುತು, ಕಾಗದ ಎರಡೂ ಸರಿಯಿದ್ದರೆ ಅವರಿಂದ ಆಗಬೇಕಾದ್ದು ಏನೂ ಇಲ್ಲ. ಎರಡನೇ ಸಲ ನನ್ನ ಗಾಡಿ ನೋಡಲು ಇನ್ಸ್‌ಪೆಕ್ಟರ್‌ಗೆ ಐದು ನಿಮಿಷ ಸಾಕಾಯಿತು. ನಂಬರ್ ಓದಿದರು, ಲೈಟ್ ಹಾಕಿಸಿದರು, ಬ್ರೇಕ್ ಒತ್ತಿಸಿದರು, ಸುತ್ತ ಒಮ್ಮೆ ಬಂದರು, ಸಹಿ ಹಾಕಿದರು.

ಹೊಸ ಕಾರ್ಡ್ ಕೈಗೆ ಬಂದ ದಿನವೇ ಹೆಸರು, ಎರಡೂ ನಂಬರ್, ಬಣ್ಣ, ಮುಗಿಯುವ ದಿನಾಂಕ ಓದಿ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ. ನಾನು ತೆಗೆದ ಮೂರು ಪೆನ್ಸಿಲ್ ಪ್ರಿಂಟಿನಲ್ಲಿ ಎರಡು ಉಳಿದಿವೆ. 2030ಕ್ಕೆ ಬೇಕಾಗುತ್ತವೆ ಅಂತ ಇನ್ಶೂರೆನ್ಸ್ ಫೈಲಿನಲ್ಲೇ ಇಟ್ಟಿದ್ದೇನೆ.